ಗಣಕವಿಜ್ಞಾನದ ಒಬ್ಬ ಆಚಾರ್ಯರು ಮತ್ತು ಬೀದರದ ಪಾಠಶಾಲೆ

1

ಬೀದರ ನಗರದಲ್ಲಿರುವ ಮಹಮೂದ್ ಗಾವಾನನ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಪಾಠಶಾಲೆಗಳೂ ಗ್ರಂಥಭಂಡಾರವೂ ಮಸೀದಿಯೂ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸಕ್ಕೆ ತಕ್ಕ ಕೋಣೆಗಳೂ ಇದ್ದುವು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಗಾವಾನನು ಪಾರಸಿಕ ದೇಶದಿಂದ ಬಂದವನು; ವಿದ್ವಾಂಸರನ್ನು ದೂರದೇಶಗಳಿಂದ ಇಲ್ಲಿಗೆ ಬರಮಾಡಿಕೊಂಡವನು. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಅವನ ವಧೆಯಾಯಿತು. 1696ರಲ್ಲಿ, ಕಟ್ಟಡವು ಮೊಗಲ್ ಸೈನ್ಯದ ವಶದಲ್ಲಿದ್ದಾಗ, ಒಳಗೆ ಶೇಖರಿಸಿದ್ದ ಮದ್ದು ಸಿಡಿದು ಅದರ ಒಂದು ಪಾರ್ಶ್ವ ಹಾಳಾಯಿತು. ಉಳಿದಿರುವ ಮಿನಾರು ಮತ್ತು ಅದರ ಮೇಲಿನ ಬಣ್ಣದ ಹೆಂಚುಗಳ ಅಲಂಕಾರವನ್ನು ಇಂದಿಗೂ ಕಾಣಬಹುದು. ಅಲ್ಲಿ ನಡೆದ ಪಾಠದ ಪರಂಪರೆಯನ್ನು ಮಾತ್ರ ಕಾಣಲಾಗದು.

ಈ ನಾಡಿನ ವಿದ್ಯೆಯ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವೂ ಉಂಟು. 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯು ಹೈದರಾಬಾದು ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಆಧುನಿಕ ವಿಜ್ಞಾನವನ್ನು ಉರ್ದು ಭಾಷೆಯಲ್ಲಿ ಬೋಧಿಸಲು ಮುಂದಾಯಿತು. ಅದಕ್ಕಾಗಿ ಒಂದು ಭಾಷಾಂತರ ಇಲಾಖೆಯನ್ನೇ ತೆರೆದು, ಗಣಿತ, ಭೌತಶಾಸ್ತ್ರ, ವೈದ್ಯ ಮೊದಲಾದ ಶಾಸ್ತ್ರಗಳ ಗ್ರಂಥಗಳನ್ನು ಅನುವಾದಿಸಿ, ಪಾರಿಭಾಷಿಕ ಪದಗಳನ್ನು ರಚಿಸಲಾಯಿತು. ಭಾರತೀಯ ಭಾಷೆಯೊಂದರಲ್ಲಿ ಉಚ್ಚ ವಿಜ್ಞಾನವನ್ನು ಕಲಿಸಬಹುದೆಂದು ತೋರಿಸಿದ ಈ ಪ್ರಯತ್ನ ಗೌರವಕ್ಕೆ ಪಾತ್ರವಾದುದು. ಆದರೆ ಆ ಭಾಷೆ ಬೀದರ, ಭಾಲ್ಕಿ, ಔರಾದ ಸೀಮೆಯ ಬಹುಪಾಲು ಹಳ್ಳಿಗರ ಮನೆಮಾತಾಗಿರಲಿಲ್ಲ. ಅವರ ಮನೆಮಾತು ಕನ್ನಡ, ಮರಾಠಿ ಅಥವಾ ತೆಲುಗು. 1948ರ ತರುವಾಯ ರಾಜಕೀಯ ಸ್ಥಿತಿ ಬದಲಾಗಲು ಉರ್ದು ಮಾಧ್ಯಮವೂ ಕೈಬಿಟ್ಟುಹೋಯಿತು.

ಈ ಎರಡು ಪ್ರಸಂಗಗಳನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ಕೇಳಬಹುದಾಗಿದೆ. ಹೊರಗಿನಿಂದ ಬರುವ ಹೊಸ ವಿದ್ಯೆಯೊಂದು ನಾಡಿನಲ್ಲಿ ಬೇರೂರಬೇಕಾದರೆ ಏನೇನು ಬೇಕು? ನಮ್ಮ ಕಾಲದಲ್ಲಿ ಹಾಗೆ ಬಂದ ವಿದ್ಯೆಗಳಲ್ಲಿ ಗಣಕವಿಜ್ಞಾನವೇ ಪ್ರಮುಖವಾದುದು. ಅದು ಭಾರತಕ್ಕೆ ಬಂದ ಬಗೆಯನ್ನು ಒಬ್ಬ ಆಚಾರ್ಯರ ವೃತ್ತಿಜೀವನದ ಮೂಲಕ ಪರಿಶೀಲಿಸಿ, ಆ ಬೆಳಕಿನಲ್ಲಿ ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ. ಆ ಆಚಾರ್ಯರು ವೈದ್ಯೇಶ್ವರನ್ ರಾಜಾರಾಮನ್. ಅವರು ಬೀದರದವರಲ್ಲ, ಹುಟ್ಟಿನಿಂದ ಕನ್ನಡ ನಾಡಿನವರೂ ಅಲ್ಲ. ಆದರೆ ಅವರ ವಿದ್ಯಾಭ್ಯಾಸದ ನಿರ್ಣಾಯಕ ವರ್ಷಗಳೂ ಸೇವೆಯ ಉತ್ತರಾರ್ಧವೂ ಬೆಂಗಳೂರಿನಲ್ಲಿ ಕಳೆದುವು. ಅವರ ಶ್ರಮದ ಫಲ ದೇಶದ ಮೂಲೆಮೂಲೆಯ ಪಾಠಶಾಲೆಗಳನ್ನು ಮುಟ್ಟಿತು.

2

ರಾಜಾರಾಮನ್ ಅವರು 1933ರಲ್ಲಿ ಈರೋಡಿನಲ್ಲಿ ಜನಿಸಿದರು. ದೆಹಲಿಯಲ್ಲಿ ಶಾಲಾಶಿಕ್ಷಣ ಮುಗಿಸಿ, ಅಲ್ಲಿಯೇ ಸೇಂಟ್ ಸ್ಟೀಫನ್ಸ್ ಕಾಲೇಜಿನಿಂದ 1952ರಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಪಡೆದರು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1955ರಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗಿನ ಡಿಪ್ಲೊಮಾ ಪಡೆದರು. ಆಗ ಭಾರತದಲ್ಲಿ ಗಣಕವಿಜ್ಞಾನವೆಂಬ ವಿಷಯವನ್ನು ಬೋಧಿಸುವ ವಿಭಾಗ ಒಂದೂ ಇರಲಿಲ್ಲ. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಇಂಗ್ಲೆಂಡಿನಿಂದ ತರಿಸಿದ ಅಂಕೀಯ ಗಣಕವು ಕೆಲಸಕ್ಕೆ ತೊಡಗಿದುದು 1955ರಲ್ಲಿ.

ಅದೇ ಸಮಯಕ್ಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನ್ಸೆಂಟ್ ರೈಡೌಟ್ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಮಾರ್ಗದರ್ಶನದಲ್ಲಿ ಅಲ್ಲಿ ಒಂದು ಸಾದೃಶ್ಯ ಗಣಕವನ್ನು ಕಟ್ಟಲಾಯಿತು. ಇಂದಿನ ವಾಚಕರಿಗೆ ಆ ಯಂತ್ರದ ಸ್ವರೂಪ ಅಪರಿಚಿತವಾದುದರಿಂದ ಎರಡು ಮಾತು ಅವಶ್ಯ. ಅಂಕೀಯ ಗಣಕವು ಸಂಖ್ಯೆಗಳನ್ನು ಎಣಿಸುತ್ತದೆ. ಸಾದೃಶ್ಯ ಗಣಕವಾದರೋ ವಿದ್ಯುತ್ತಿನ ವೋಲ್ಟೇಜನ್ನು ಪರಿಮಾಣಕ್ಕೆ ಪ್ರತಿನಿಧಿಯಾಗಿ ಇಟ್ಟುಕೊಂಡು, ಅದು ಕಾಲಕ್ರಮದಲ್ಲಿ ಏರಿಳಿಯುವ ಬಗೆಯಿಂದಲೇ ಅವಕಲ ಸಮೀಕರಣಗಳಿಗೆ ಉತ್ತರ ಕೊಡುತ್ತದೆ. ಕೂಡಿಸುವುದೂ ಅನುಕಲಿಸುವುದೂ ಅಂಥ ಯಂತ್ರಕ್ಕೆ ಸುಲಭ. ಬದಲಾಗುತ್ತಿರುವ ಎರಡು ವೋಲ್ಟೇಜುಗಳನ್ನು ಒಂದರಿಂದೊಂದು ಗುಣಿಸುವುದು ಕಷ್ಟ. ಅದಕ್ಕೆ ಬೇರೆಯೇ ಮಂಡಲಗಳನ್ನು ರಚಿಸಬೇಕಾಗುತ್ತದೆ. ಇಂಥ ಅಸರಳ ಘಟಕಗಳ ವಿನ್ಯಾಸವೇ ತರುಣ ರಾಜಾರಾಮನ್ ಅವರ ಪಾಲಿಗೆ ಬಂದ ಕೆಲಸ. ಹೀಗೆ ಅವರು ಗಣಕವನ್ನು ಗ್ರಂಥದಿಂದ ಕಲಿಯಲಿಲ್ಲ. ಬೆಸುಗೆಯ ಕಡ್ಡಿ ಹಿಡಿದು ಅದರ ಅಂಗಗಳನ್ನು ಮಾಡುತ್ತ ಕಲಿತರು.

ಮುಂದೆ ಅವರು ಅಮೆರಿಕಕ್ಕೆ ತೆರಳಿ 1959ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಸ್ನಾತಕೋತ್ತರ ಪದವಿಯನ್ನೂ, 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಪ್ರಬಂಧದ ವಿಷಯ ಸ್ವಯಂ ಹೊಂದಿಕೊಳ್ಳುವ ನಿಯಂತ್ರಣ ವ್ಯವಸ್ಥೆಗಳು. ಅಲ್ಲಿಯೇ ಅಧ್ಯಾಪಕ ಸ್ಥಾನವೂ ದೊರೆಯಿತು. ಆ ಕಾಲದ ಎಷ್ಟೋ ವಿದ್ವಾಂಸರು ಹಾಗೆಯೇ ಅಲ್ಲಿ ನೆಲೆಸಿದರು. ರಾಜಾರಾಮನ್ ಅವರು ಹಿಂತಿರುಗಿದರು.

3

ಅವರು ಸೇರಿದುದು ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯನ್ನು, ವರ್ಷ 1963. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳ ಒಕ್ಕೂಟವೊಂದು 1962ರಿಂದ 1972ರವರೆಗೆ ಆ ಸಂಸ್ಥೆಗೆ ನೆರವು ನೀಡಿತು. ಆ ಯೋಜನೆಯ ಅಂಗವಾಗಿ 1963ರಲ್ಲಿ ಐ.ಬಿ.ಎಂ. 1620 ಎಂಬ ಗಣಕ ಅಲ್ಲಿಗೆ ಬಂದಿತು. ಹ್ಯಾರಿ ಹಸ್ಕಿಯವರ ನೇತೃತ್ವದಲ್ಲಿ ಅಮೆರಿಕದ ಅಧ್ಯಾಪಕರ ಒಂದು ತಂಡವೂ ಬಂದು ಬೋಧನೆಗೆ ತೊಡಗಿತು.

ಆ ಯಂತ್ರ ಇಂದಿನ ಅಳತೆಯಲ್ಲಿ ಅತ್ಯಲ್ಪ. ಪ್ರೋಗ್ರಾಮಿನ ಒಂದೊಂದು ವಾಕ್ಯವನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ರಂಧ್ರಗಳಾಗಿ ಕೊರೆದು, ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಉಣಿಸಬೇಕಾಗಿದ್ದಿತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಮೊದಲಿನಿಂದ. ಆದರೆ ಕಾನ್ಪುರದ ವೈಶಿಷ್ಟ್ಯವಿದ್ದುದು ಯಂತ್ರದಲ್ಲಲ್ಲ, ಅದನ್ನು ಬಳಸಿದ ಪದ್ಧತಿಯಲ್ಲಿ. ಬೆಲೆಬಾಳುವ ಗಣಕವನ್ನು ಗಾಜಿನ ಗೋಡೆಯ ಹಿಂದಿಟ್ಟು, ತರಬೇತಾದ ಸಿಬ್ಬಂದಿ ಮಾತ್ರ ಅದನ್ನು ಮುಟ್ಟಬಹುದೆಂದು ವಿಧಿಸುವುದು ಆ ಕಾಲದ ಸಾಮಾನ್ಯ ರೂಢಿ. ಕಾನ್ಪುರದಲ್ಲಿ ವಿದ್ಯಾರ್ಥಿಗಳು ತಾವೇ ಯಂತ್ರವನ್ನು ನಡೆಸಲು ಅವಕಾಶವಿದ್ದಿತು. ಕಲಿಯುವವನಿಗೂ ಯಂತ್ರಕ್ಕೂ ನಡುವೆ ಗೋಡೆ ಇರಬಾರದೆಂಬ ಈ ತತ್ತ್ವವು ಮುಂದಿನ ಬೆಳವಣಿಗೆಗೆಲ್ಲ ಮೂಲವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಎರಡನೆಯ ವೈಶಿಷ್ಟ್ಯ, ಹತ್ತು ದಿನಗಳ ತೀವ್ರ ಶಿಬಿರಗಳು. ಸಂಸ್ಥೆಯ ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಹೊರಗಿನ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ಅಧ್ಯಾಪಕರಿಗೂ ಅವು ತೆರೆದಿದ್ದುವು. ಬೆಳಿಗ್ಗೆ ಉಪನ್ಯಾಸ, ಆ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಸ್ವತಃ ಪ್ರೋಗ್ರಾಂ ಬರೆದು ಯಂತ್ರದಲ್ಲಿ ಪರೀಕ್ಷಿಸುವ ಅಭ್ಯಾಸ. ಗಣಕವನ್ನು ಎಂದೂ ಕಾಣದವರು ಹತ್ತು ದಿನಗಳಲ್ಲಿ ತಮ್ಮ ಲೆಕ್ಕವನ್ನು ತಾವೇ ಮಾಡಿಸಿಕೊಳ್ಳುವಷ್ಟು ಶಕ್ತರಾಗಿ ಊರಿಗೆ ಮರಳುತ್ತಿದ್ದರು.

1960ರ ದಶಕದ ಮಧ್ಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ವಿಭಾಗದೊಳಗೆ, ಗಣಕವಿಜ್ಞಾನವನ್ನು ವಿಶೇಷ ವಿಷಯವನ್ನಾಗಿ ಉಳ್ಳ ಎಂ.ಟೆಕ್. ಪಾಠಕ್ರಮ ಆರಂಭವಾಯಿತು. 1971ರಲ್ಲಿ ಅದು ಸ್ವತಂತ್ರ ಅಧ್ಯಯನ ಕಾರ್ಯಕ್ರಮವಾಯಿತು, 1978ರಲ್ಲಿ ಬಿ.ಟೆಕ್. ಪದವಿಯೂ ಸೇರಿತು. ಈ ಎಲ್ಲ ಘಟ್ಟಗಳಲ್ಲಿ ರಾಜಾರಾಮನ್ ಅವರು ಮುಖ್ಯ ಪಾತ್ರ ವಹಿಸಿದರು. ಅವರ ಸಹೋದ್ಯೋಗಿಗಳಲ್ಲಿ ಎಚ್. ಎನ್. ಮಹಾಬಲ ಅವರೂ ಒಬ್ಬರು. ಅವರು ಮುಂದೆ ಮದರಾಸಿನ ತಂತ್ರಜ್ಞಾನ ಸಂಸ್ಥೆಗೆ ಹೋಗಿ ಅಲ್ಲಿ ಈ ವಿಷಯವನ್ನು ನೆಲೆಗೊಳಿಸಿದರು. ಕನ್ನಡ ನಾಡಿಗೂ ಕಾನ್ಪುರಕ್ಕೂ ನಂಟು ಬೆಳೆಯಿತು. ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಸಂಸ್ಥೆಯಿಂದ 1967ರಲ್ಲಿ ಪದವಿ ಪಡೆದ ಎನ್. ಆರ್. ನಾರಾಯಣ ಮೂರ್ತಿಯವರು 1969ರಲ್ಲಿ ಕಾನ್ಪುರದಿಂದ ಎಂ.ಟೆಕ್. ಪಡೆದುದು ಎಲ್ಲರಿಗೂ ತಿಳಿದ ಸಂಗತಿ.

4

ಸಂಶೋಧಕನ ಹಿರಿಮೆಯನ್ನು ಪ್ರಕಟವಾದ ಪ್ರಬಂಧಗಳಿಂದ ಅಳೆಯುವುದು ವಿಶ್ವವಿದ್ಯಾಲಯಗಳ ವಾಡಿಕೆ. ಆ ಅಳತೆಯಲ್ಲಿಯೂ ರಾಜಾರಾಮನ್ ಅವರು ಕಡಿಮೆಯವರಲ್ಲ. 1976ರಲ್ಲಿ ಅವರಿಗೆ ಇಂಜಿನಿಯರಿಂಗ್ ವಿಜ್ಞಾನಕ್ಕಾಗಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಪ್ರಸಕ್ತವಾದುದು ಅವರ ಪಠ್ಯಪುಸ್ತಕಗಳು.

ಹತ್ತು ದಿನಗಳ ಶಿಬಿರಗಳಿಗೆಂದು ಸಿದ್ಧಪಡಿಸಿದ ಟಿಪ್ಪಣಿಗಳೇ ಬೆಳೆದು 1960ರ ದಶಕದ ಕೊನೆಯಲ್ಲಿ ಪ್ರೋಗ್ರಾಂ ರಚನೆಯ ತತ್ತ್ವಗಳನ್ನು ಕುರಿತ ಗ್ರಂಥವಾದುವು. ಆಗ ದೊರೆಯುತ್ತಿದ್ದ ಗ್ರಂಥಗಳು ಹೊರದೇಶದವು. ಅವುಗಳ ಬೆಲೆ ಸಾಮಾನ್ಯ ವಿದ್ಯಾರ್ಥಿಗೆ ನಿಲುಕದ್ದು. ಅವುಗಳಲ್ಲಿ ಬರುವ ಉದಾಹರಣೆಗಳೂ ಅವನ ಅನುಭವಕ್ಕೆ ದೂರವಾದುವು. ರಾಜಾರಾಮನ್ ಅವರು ತಮ್ಮ ಪುಸ್ತಕಗಳ ಬೆಲೆ ಕಡಿಮೆಯಾಗಿರಬೇಕೆಂಬುದನ್ನು ಆರಂಭದಿಂದಲೂ ವ್ರತದಂತೆ ಪಾಲಿಸಿದರು. ಫೋರ್ಟ್ರಾನ್ ಭಾಷೆ, ಸಂಖ್ಯಾತ್ಮಕ ವಿಧಾನಗಳು, ಸಾದೃಶ್ಯ ಗಣನೆ, ಗಣಕಗಳ ಮೂಲತತ್ತ್ವಗಳು, ಮಾಹಿತಿ ವ್ಯವಸ್ಥೆಗಳ ವಿನ್ಯಾಸ, ಸಮಾಂತರ ಗಣಕಗಳು—ಹೀಗೆ ವಿಷಯ ಬೆಳೆದಂತೆಲ್ಲ ಗ್ರಂಥಮಾಲೆಯೂ ಬೆಳೆಯಿತು.

ಈ ಕೆಲಸದ ಮಹತ್ತ್ವವನ್ನು ಅರಿಯಲು ಆಗಿನ ದೇಶಸ್ಥಿತಿಯನ್ನು ನೆನೆಯಬೇಕು. ವಿದೇಶೀ ವಿನಿಮಯದ ಅಭಾವದಿಂದ ಗಣಕಗಳ ಆಮದು ದುಸ್ಸಾಧ್ಯವಾಗಿದ್ದಿತು. 1960ರ ಮತ್ತು 70ರ ದಶಕಗಳಲ್ಲಿ ಬಹುಪಾಲು ಕಾಲೇಜುಗಳಿಗೆ ಸ್ವಂತ ಗಣಕವಿರಲಿಲ್ಲ. ಯಂತ್ರವಿಲ್ಲದ ಊರಿನಲ್ಲಿ ಯಂತ್ರವಿದ್ಯೆಯನ್ನು ಕಲಿಸುವುದು ಹೇಗೆ? ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು, ಹೆಜ್ಜೆಹೆಜ್ಜೆಗೂ ಚರಗಳ ಬೆಲೆಯನ್ನು ಪಟ್ಟಿಮಾಡಿ, ಯಂತ್ರ ಮಾಡುವ ಕೆಲಸವನ್ನು ಕೈಯಿಂದಲೇ ಮಾಡಿನೋಡುವ ಮಾರ್ಗವೊಂದೇ ಉಳಿದುದು. ಅದಕ್ಕೆ ಸ್ಪಷ್ಟವಾಗಿ ಬರೆದ, ಕೊಳ್ಳಲು ಸಾಧ್ಯವಾದ ಪುಸ್ತಕ ಬೇಕು; ಅದನ್ನು ಅರ್ಥಮಾಡಿಕೊಂಡ ಅಧ್ಯಾಪಕನೂ ಬೇಕು. ಗಣಕವು ತಲಪದ ಊರಿಗೆ ಗಣಕವಿಜ್ಞಾನವು ಮೊದಲು ತಲಪಿದುದು ಈ ದಾರಿಯಿಂದ.

5

1980ರಲ್ಲಿ ಎಲೆಕ್ಟ್ರಾನಿಕ್ಸ್ ಆಯೋಗವು ಗಣಕಕ್ಷೇತ್ರಕ್ಕೆ ಬೇಕಾದ ಜನಶಕ್ತಿಯನ್ನು ಕುರಿತು ವಿಚಾರಮಾಡಲು ಒಂದು ಸಮಿತಿಯನ್ನು ನೇಮಿಸಿತು. ರಾಜಾರಾಮನ್ ಅವರು ಅದರ ಅಧ್ಯಕ್ಷರು. ಇಂಜಿನಿಯರಿಂಗ್ ಪದವೀಧರರ ಸಂಖ್ಯೆ ಸಾಲದು. ಅವರಲ್ಲಿಯೂ ಅನೇಕರು ವಿದೇಶಕ್ಕೆ ತೆರಳುತ್ತಿದ್ದರು. ಇತ್ತ ವಿಜ್ಞಾನ, ವಾಣಿಜ್ಯ ಮೊದಲಾದ ವಿಷಯಗಳಲ್ಲಿ ಪದವಿ ಪಡೆದ ಸಹಸ್ರಾರು ತರುಣರು ದೇಶದಲ್ಲಿದ್ದರು. ಅಂಥವರಿಗೆ ಮೂರು ವರ್ಷಗಳ ಶಿಕ್ಷಣ ಕೊಟ್ಟು, ಕಾರ್ಖಾನೆ, ಬ್ಯಾಂಕು, ಕಚೇರಿಗಳ ಕೆಲಸಕ್ಕೆ ಗಣಕವನ್ನು ಅನ್ವಯಿಸುವವರನ್ನಾಗಿ ಮಾಡಬಹುದೆಂಬ ಆಲೋಚನೆಯಿಂದ ಎಂ.ಸಿ.ಎ. ಎಂಬ ಸ್ನಾತಕೋತ್ತರ ಪದವಿ ಜನಿಸಿತು. ಯಾವ ಊರಿನ ಯಾವ ಸಾಮಾನ್ಯ ಕಾಲೇಜಿನಲ್ಲಿ ಓದಿದವನಿಗಾದರೂ ಇದರಿಂದ ಹೊಸ ವಿದ್ಯೆಯ ಬಾಗಿಲು ತೆರೆಯಿತು. ನಾಲ್ಕು ದಶಕಗಳ ಕಾಲ ಈ ಪದವಿ ಮೂರು ವರ್ಷಗಳದಾಗಿಯೇ ಇದ್ದು, 2020ರಲ್ಲಿ ಎರಡು ವರ್ಷಗಳಿಗೆ ಇಳಿಯಿತು.

1982ರಲ್ಲಿ ರಾಜಾರಾಮನ್ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿದರು. ಅಲ್ಲಿನ ಗಣಕ ಕೇಂದ್ರದ ಹೊಣೆಯನ್ನೂ, ಅದು ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನ ಕೇಂದ್ರವಾಗಿ ಬೆಳೆದ ಮೇಲೆ ಅದರ ಹೊಣೆಯನ್ನೂ 1994ರವರೆಗೆ ನಿರ್ವಹಿಸಿದರು. ಆ ದಶಕದಲ್ಲಿ ಶಕ್ತಿಶಾಲಿ ಗಣಕಗಳನ್ನು ಭಾರತಕ್ಕೆ ಮಾರಲು ಅಮೆರಿಕ ಹಿಂಜರಿಯಿತು. ಆ ಒತ್ತಡದಿಂದಲೇ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿ, 1991ರಲ್ಲಿ ಪರಮ್ 8000 ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ಹಲವು ಸಾಧಾರಣ ಸಂಸ್ಕಾರಕಗಳನ್ನು ಒಂದಾಗಿ ದುಡಿಸಿ ದೊಡ್ಡ ಗಣಕದ ಫಲ ಪಡೆಯುವುದು ಅದರ ತತ್ತ್ವ. ಬೆಂಗಳೂರಿನಲ್ಲಿ ರಾಜಾರಾಮನ್ ಅವರ ಆಸಕ್ತಿಯೂ ಇದೇ ಕಡೆಗೆ ತಿರುಗಿ, ಸಮಾಂತರ ಗಣಕಗಳನ್ನು ಕುರಿತ ಅವರ ಬರೆಹಗಳಿಗೆ ಎಡೆಮಾಡಿತು. 1998ರಲ್ಲಿ ಅವರಿಗೆ ಪದ್ಮಭೂಷಣ ಗೌರವ ದೊರೆಯಿತು. 2012ರಲ್ಲಿ ಅವರು ಭಾರತದ ಗಣಕಗಳ 1955ರಿಂದ 2010ರವರೆಗಿನ ಇತಿಹಾಸವನ್ನೂ ಬರೆದು ಪ್ರಕಟಿಸಿದರು.

6

ಇನ್ನು ನಮ್ಮ ಜಿಲ್ಲೆಯ ಕಡೆಗೆ ತಿರುಗೋಣ. ಕಲಬುರ್ಗಿಯ ವಿಶ್ವವಿದ್ಯಾಲಯ ಸ್ಥಾಪಿತವಾದುದು 1980ರಲ್ಲಿ. ಬೀದರದ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜೂ ಅದೇ ವರ್ಷದ್ದು. 1982ರಲ್ಲಿ ಭಾಲ್ಕಿಯಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದೇ ಇಂದಿನ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ. ಜನಶಕ್ತಿಯ ಸಮಿತಿ ನೇಮಕವಾದುದೂ ರಾಜಾರಾಮನ್ ಅವರು ಬೆಂಗಳೂರಿಗೆ ಮರಳಿದುದೂ ಇವೇ ವರ್ಷಗಳಲ್ಲಿ. ಈ ಘಟನೆಗಳಿಗೆ ಪರಸ್ಪರ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಆದರೂ ಒಂದು ಸಂಗತಿ ಸ್ಪಷ್ಟ: ಸಾವಿರದೊಂಬೈನೂರ ಎಂಬತ್ತರ ಆಚೀಚೆಗೆ ಈ ವಿದ್ಯೆಯು ದೇಶದ ಮಹಾನಗರಗಳನ್ನು ದಾಟಿ ಗಡಿನಾಡಿನ ಊರುಗಳಿಗೆ ಬರಲು ತೊಡಗಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಲು ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಬಹುಮಟ್ಟಿಗೆ ಒಂದೇ ಪಾಠಕ್ರಮದ ಅಡಿಯಲ್ಲಿ ಬಂದುವು. ಬೆಂಗಳೂರಿನ ವಿದ್ಯಾರ್ಥಿಯೂ ಭಾಲ್ಕಿಯ ವಿದ್ಯಾರ್ಥಿಯೂ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆಯುವಂತಾಯಿತು.

ಪ್ರಶ್ನಪತ್ರಿಕೆ ಒಂದೇ ಆದ ಮಾತ್ರಕ್ಕೆ ಸ್ಥಿತಿ ಒಂದೇ ಆಗಲಿಲ್ಲ. ಬೀದರದಿಂದ ರಾಜಧಾನಿಯು ಸುಮಾರು 700 ಕಿಲೋಮೀಟರ್ ದೂರ. ಔರಾದ ತಾಲ್ಲೂಕಿನ ಹಳ್ಳಿಯೊಂದರ ಬಾಲಕಿ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡಿ, ಸಂತೆಯಲ್ಲಿ ದಖನಿ ಉರ್ದುವನ್ನು ಕೇಳಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಕಾಲೇಜಿನ ಮೊದಲ ದಿನವೇ ಇಂಗ್ಲಿಷಿನ ಪುಸ್ತಕವನ್ನು ಎದುರಿಸುತ್ತಾಳೆ. ಆಕೆಗೆ ಪುನರಾವರ್ತನೆಯ ತರ್ಕ ಕಷ್ಟವೋ, ಅದನ್ನು ಹೇಳುವ ವಾಕ್ಯ ಕಷ್ಟವೋ ಎಂಬುದನ್ನು ಅಧ್ಯಾಪಕನು ಸದಾ ವಿವೇಚಿಸಬೇಕಾಗುತ್ತದೆ. ಈ ಪ್ರದೇಶದ ಹಿಂದುಳಿಯುವಿಕೆಯನ್ನು ಸಂವಿಧಾನವೇ ಗುರುತಿಸಿದೆ. 2012ರ ತಿದ್ದುಪಡಿಯಿಂದ ಸೇರಿದ 371ಜೆ ವಿಧಿಯು ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಇಲ್ಲಿನವರಿಗೆ ಮೀಸಲು ಸ್ಥಾನಗಳಿಗೆ ಅವಕಾಶ ಕಲ್ಪಿಸಿತು. ಸ್ಥಾನ ದೊರೆಯುವುದು ಮೊದಲನೆಯ ಹೆಜ್ಜೆ. ಆ ಸ್ಥಾನದಲ್ಲಿ ಕುಳಿತವರಿಗೆ ಪಾಠ ತಿಳಿಯುವುದು ಎರಡನೆಯದು.

2021ರಲ್ಲಿ ಇಂಜಿನಿಯರಿಂಗನ್ನು ಪ್ರಾದೇಶಿಕ ಭಾಷೆಗಳಲ್ಲಿ ಬೋಧಿಸಲು ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತು ಅನುಮತಿ ನೀಡಿದಾಗ, ಕನ್ನಡ ಮಾಧ್ಯಮಕ್ಕೆ ಮುಂದೆ ಬಂದ ರಾಜ್ಯದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯ ಸಂಸ್ಥೆಯೂ ಒಂದಾಗಿದ್ದಿತು. ಗಡಿನಾಡಿನ ಕಾಲೇಜೊಂದು ಈ ಕಾರ್ಯಕ್ಕೆ ಮುಂದಾದುದು ಗಮನಾರ್ಹ. ಆದರೆ ರಾಜ್ಯದಲ್ಲಿ ವಿದ್ಯಾರ್ಥಿಗಳ ಸ್ಪಂದನ ತೀರ ಕ್ಷೀಣವಾಗಿದ್ದಿತು. ಅವರನ್ನು ದೂರುವುದು ನ್ಯಾಯವಲ್ಲ. ಉದ್ಯೋಗದ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವವರೆಗೆ, ಉತ್ತಮ ಗ್ರಂಥಗಳು ಇಂಗ್ಲಿಷಿನಲ್ಲಿಯೇ ಇರುವವರೆಗೆ, ಮಾಧ್ಯಮವನ್ನು ಬದಲಿಸುವ ಅಪಾಯವನ್ನು ಹದಿನೆಂಟರ ತರುಣನೇ ಹೊರಬೇಕೆನ್ನುವುದು ಸರಿಯಲ್ಲ. ಉಸ್ಮಾನಿಯಾದವರು ತರಗತಿಯನ್ನು ತೆರೆಯುವ ಮೊದಲೇ ಭಾಷಾಂತರ ಇಲಾಖೆಯನ್ನು ತೆರೆದಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

7

ಈವರೆಗಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳಬಹುದು. ಗಾವಾನನು ವಿದ್ವಾಂಸರನ್ನು ತರಿಸಿದನು; ಆಶ್ರಯ ತಪ್ಪಿದಾಗ ಅವರ ಬದಲಿಗೆ ನಿಲ್ಲುವವರು ಈ ನೆಲದಲ್ಲಿ ಸಿದ್ಧರಾಗಿರಲಿಲ್ಲ. ಉಸ್ಮಾನಿಯಾ ಗ್ರಂಥಗಳನ್ನು ಸಿದ್ಧಪಡಿಸಿತು. ಆದರೆ ಅವು ಹಳ್ಳಿಯ ಮನೆಮಾತಿನಲ್ಲಿರಲಿಲ್ಲ. ಕಾನ್ಪುರಕ್ಕೂ ಯಂತ್ರ ಬಂದುದು ಹೊರಗಿನಿಂದ, ಮೊದಲ ಅಧ್ಯಾಪಕರು ಬಂದುದೂ ಹೊರಗಿನಿಂದ. ಆದರೆ 1972ರಲ್ಲಿ ಹೊರಗಿನ ನೆರವು ನಿಂತಾಗ ಅಲ್ಲಿನ ವಿದ್ಯೆ ನಿಲ್ಲಲಿಲ್ಲ. ಅಷ್ಟರಲ್ಲಿ ರಾಜಾರಾಮನ್ ಮತ್ತು ಅವರ ಸಹೋದ್ಯೋಗಿಗಳು ಶಿಷ್ಯರನ್ನು ಅಧ್ಯಾಪಕರನ್ನಾಗಿ, ಟಿಪ್ಪಣಿಗಳನ್ನು ಗ್ರಂಥಗಳನ್ನಾಗಿ, ಶಿಬಿರಗಳನ್ನು ಪಾಠಕ್ರಮಗಳನ್ನಾಗಿ ಮಾಡಿದ್ದರು. ಮುಖ್ಯ ವ್ಯತ್ಯಾಸ ಇರುವುದು ಇಲ್ಲಿಯೇ.

ಅವರ ಕೆಲಸಕ್ಕೂ ಒಂದು ಮಿತಿಯಿದ್ದಿತು. ಅದು ಇಂಗ್ಲಿಷಿನ ಅಂಗಳದವರೆಗೆ ಬಂದು ನಿಂತಿತು. ಅದು ಅವರ ದೋಷವಲ್ಲ. ಉಳಿದ ದೂರವನ್ನು ಕ್ರಮಿಸುವುದು ನಮ್ಮ ಕರ್ತವ್ಯ. ಬೀದರದ ಅಂಚಿನ ಕೊಳಾರದಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಉಗ್ರಾಣದ ಲೆಕ್ಕಕ್ಕೆ, ವೇತನದ ಪಟ್ಟಿಗೆ, ಯಂತ್ರಗಳ ನಿಯಂತ್ರಣಕ್ಕೆ ಗಣಕವನ್ನು ಬಲ್ಲವರು ಬೇಕು. ಆ ಕೆಲಸಕ್ಕೆ ಬೇಕಾದ ತರುಣರು ಸುತ್ತಲಿನ ಹಳ್ಳಿಗಳಲ್ಲಿಯೇ ಇದ್ದಾರೆ. 2022ರ ಶಾಸನದ ತಿದ್ದುಪಡಿಯ ಫಲವಾಗಿ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯವೂ ಬಂದಿದೆ. ಇಲ್ಲಿನ ಅಧ್ಯಾಪಕರು ಪ್ರತಿವರ್ಷ ಹೇಳುವ ಪಾಠದ ಟಿಪ್ಪಣಿಗಳನ್ನು, ಕಾನ್ಪುರದಲ್ಲಿ ಮಾಡಿದಂತೆ, ತಿದ್ದಿ ಬೆಳೆಸಿ ಕನ್ನಡದಲ್ಲಿ ಗ್ರಂಥವನ್ನಾಗಿಸಬಹುದು. ಕೊಳಾರದ ಉಗ್ರಾಣದ ಲೆಕ್ಕವೇ ಅದರ ಮೊದಲ ಉದಾಹರಣೆಯಾಗಬಹುದು. ತೊಗರಿಯ ಧಾರಣೆಯ ಏರಿಳಿತವೇ ಎರಡನೆಯದಾಗಬಹುದು. ಇಂಗ್ಲಿಷಿನ ಪುಸ್ತಕವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅದನ್ನು ತಲಪಲು ಕನ್ನಡದ ಮೆಟ್ಟಿಲನ್ನು ಕಟ್ಟಬೇಕೆಂದು ಮಾತ್ರ ಅರ್ಥ.

ಇಂಥ ಬರೆಹವನ್ನು ಸಂಶೋಧನೆಗಿಂತ ಕೀಳೆಂದು ಎಣಿಸುವ ಪ್ರವೃತ್ತಿ ನಮ್ಮ ವಿಭಾಗಗಳಲ್ಲಿ ಇಲ್ಲದಿಲ್ಲ. ಪ್ರಬಂಧಕ್ಕೆ ದೊರೆಯುವ ಅಂಕ ಪಠ್ಯಪುಸ್ತಕಕ್ಕೆ ದೊರೆಯದು. ಹೀಗಿರಲಾಗಿ ತರುಣ ಅಧ್ಯಾಪಕರು ಅತ್ತ ಮನಗೊಡದಿರುವುದು ಸಹಜ. ಆದರೆ ಮೇಲೆ ಹೇಳಿದ ವೃತ್ತಿಜೀವನದಲ್ಲಿ ಸಂಶೋಧನೆಯೂ ಬೋಧನೆಯೂ ಗ್ರಂಥರಚನೆಯೂ ಒಂದನ್ನೊಂದು ಬೆಳೆಸಿದುವೇ ಹೊರತು ಒಂದಕ್ಕೊಂದು ಅಡ್ಡಿಯಾಗಲಿಲ್ಲ. ಮುಂದಿನ ವರ್ಷದ ಪಾಠಗಳು ಆರಂಭವಾಗುವ ಮುನ್ನ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಅಧ್ಯಾಯವನ್ನಾದರೂ ಕನ್ನಡದಲ್ಲಿ ಬರೆದು, ತರಗತಿಯಲ್ಲಿ ಓದಿಸಿ, ವಿದ್ಯಾರ್ಥಿಗಳು ತೊಡರಿದ ಕಡೆ ತಿದ್ದಿದರೆ, ಈ ಕಾರ್ಯಕ್ಕೆ ಅಸ್ತಿಭಾರ ಹಾಕಿದಂತಾಗುವುದು.